ವಾರಿಯರ್ ವಿದಿನ್ ಆಡುವಾಗ ಇವನು ಆ ರಾಜಕುಮಾರನೇ ಅಲ್ಲ ಅನ್ನಿಸುತ್ತಿದೆ, ಮುಂದುವರಿಸಲಾ?

‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ವಿಡಿಯೋ ಗೇಮ್ ಮುಗಿಸಿದ ಖುಷಿಯಲ್ಲೇ ಅದರ ಮುಂದಿನ ಭಾಗ ‘ವಾರಿಯರ್ ವಿದಿನ್’ ಶುರು ಮಾಡಿದೆ, ಸ್ವಲ್ಪ ಹೊತ್ತಿಗೇ ಮನಸ್ಸು ಕೆಟ್ಟಿತು, ನನಗೆ ಮಾತ್ರ ಹೀಗಾ, ಇಲ್ಲಿಗೇ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ನಿಮಗೆ ಮಾತ್ರ ಅಲ್ಲ. ಮೊದಲ ಆಟವನ್ನು ಮನಸಾರೆ ಮೆಚ್ಚಿದವರಲ್ಲಿ ತುಂಬಾ ಜನರಿಗೆ ಹೀಗೇ ಆಗಿದೆ, ನನಗೂ ಆಯಿತು. ಆದರೂ ಬಿಡಬೇಡಿ ಎಂದೇ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಎರಡನೇ ಭಾಗದ ಮುಖ್ಯ ತಿರುವುಗಳನ್ನು ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.

ಮೊದಲ ಆಟ ಬಂದದ್ದು 2003ರಲ್ಲಿ, ಎರಡನೆಯದು 2004ರಲ್ಲಿ. ನಡುವೆ ಒಂದೇ ವರ್ಷ. ಆ ಒಂದು ವರ್ಷದಲ್ಲಿ ಆಟದ ದನಿಯೇ ಬದಲಾಯಿತು. ಜನ ಸಾಮಾನ್ಯವಾಗಿ ಬೈಯುವುದು ರಕ್ತವನ್ನು, ಮೆಟಲ್ ಸಂಗೀತವನ್ನು, ರಾಜಕುಮಾರನ ಸಿಡುಕು ಮುಖವನ್ನು. ಅವೆಲ್ಲ ನನಗೂ ಹಿಡಿಸಲಿಲ್ಲ. ಆದರೆ ನಿಜವಾದ ನಷ್ಟ ಅದಲ್ಲ. ಮೊದಲ ಆಟದಲ್ಲಿ ನಮಗೊಬ್ಬರು ಕಥೆ ಹೇಳುತ್ತಿದ್ದರು. ಎರಡನೆಯದರಲ್ಲಿ ಹೇಳುವವರೇ ಇಲ್ಲ.

ನೀವು ಈಗಷ್ಟೇ ಮುಗಿಸಿದ್ದೀರಲ್ವಾ, ನೆನಪು ಹಸಿಯಾಗಿರುತ್ತದೆ. ಗೋಡೆಯ ಮೇಲೆ ಓಡುತ್ತಾ ಕೈತಪ್ಪಿ ಕೆಳಗೆ ಬೀಳುತ್ತೀರಿ. ಕಾಲವನ್ನು ಹಿಂದಕ್ಕೆ ತಿರುಗಿಸುವ ಮರಳು ಕಠಾರಿಯಲ್ಲಿ ಉಳಿದಿಲ್ಲ. ಬೇರೆ ಆಟಗಳಾದರೆ ಪರದೆ ಕಪ್ಪಾಗಿ ‘ಗೇಮ್ ಓವರ್’ ಬರುತ್ತದೆ. ಇಲ್ಲಿ ರಾಜಕುಮಾರನ ದನಿ ಕೇಳುತ್ತದೆ: ಇಲ್ಲ ಇಲ್ಲ, ಹಾಗಾಗಲಿಲ್ಲ. ಅವನು ಯಾರಿಗೋ ತನ್ನ ಕಥೆ ಹೇಳುತ್ತಿದ್ದಾನೆ, ನಡುವೆ ತಪ್ಪಿ ಹೇಳಿದ, ಈಗ ತಿದ್ದಿಕೊಳ್ಳುತ್ತಿದ್ದಾನೆ. ಸೇವ್ ಮಾಡಿದರೆ, ಮುಂದಿನ ಸಲ ಇಲ್ಲಿಂದಲೇ ಶುರು ಮಾಡುತ್ತೇನೆ ಎನ್ನುತ್ತಾನೆ. ಆಟ ಮುಚ್ಚಲು ಹೋದರೆ, ಕಥೆ ಮುಗಿಯುವ ಮೊದಲೇ ನಾನು ಹೊರಡಲೇ ಎಂದು ಕೇಳುತ್ತಾನೆ. ಸಾಯುವುದು, ಸೇವ್ ಮಾಡುವುದು, ಎದ್ದು ಹೋಗುವುದು, ಇವೆಲ್ಲ ಎಲ್ಲ ಆಟಗಳಲ್ಲೂ ಕಥೆಯಿಂದ ಹೊರಗಿನ ಕೆಲಸಗಳು. ಇಲ್ಲಿ ಮೂರನ್ನೂ ಕಥೆಯ ಒಳಕ್ಕೆ ತಂದಿದ್ದರು. ಇದಕ್ಕೆ ಬೇಕಾದದ್ದು ಕೆಲವೇ ವಾಕ್ಯಗಳು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಪರಿಣಾಮ ಸಾಧಿಸಿದ ಆಟ ನನಗೆ ಇನ್ನೊಂದು ಗೊತ್ತಿಲ್ಲ.

ಆಮೇಲೆ ಫರಾ. ಅವಳು ಭಾರತದ ಮಹಾರಾಜನ ಮಗಳು. ರಾಜಕುಮಾರನ ತಂದೆಯ ಸೈನ್ಯ ಅವಳ ಊರನ್ನು ಸೂರೆ ಮಾಡಿ ಅವಳನ್ನು ಸೆರೆಯಾಗಿ ತಂದಿದೆ. ಮಂತ್ರಿಯ ಮಾತು ನಂಬಿ, ಕಾಲದ ಮರಳು ತುಂಬಿದ್ದ ಮರಳುಗಡಿಯಾರವನ್ನು ತೆರೆದು ಇಡೀ ಅರಮನೆಯನ್ನು ಹಾಳು ಮಾಡಿದವನೂ ಇದೇ ರಾಜಕುಮಾರ. ಅಂದರೆ ಅವಳು ಇವನನ್ನು ನಂಬಲು ಒಂದು ಕಾರಣವೂ ಇಲ್ಲ. ಆದರೂ ಇಬ್ಬರೂ ಜೊತೆಯಲ್ಲಿ ನಡೆಯಬೇಕು. ಗೋಡೆಯ ಬಿರುಕಿನಲ್ಲಿ ಅವಳು ನುಸುಳಿ ಹೋಗಿ ಆಚೆಯಿಂದ ಬಾಗಿಲು ತೆಗೆಯಬೇಕು, ಇವನು ಕಂಬ ಹತ್ತಿ ಸುತ್ತಿ ಬರಬೇಕು. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಜಗಳ. ಅವಳು ಹತ್ತಿರ ಇಲ್ಲದಾಗ ಇವನು ತನ್ನೊಳಗೇ ಗೊಣಗಿಕೊಳ್ಳುತ್ತಾನೆ, ಅವಳನ್ನು ನಂಬಬಹುದಾ ಬೇಡವಾ ಅಂತ. ಜಂಬದ ಹುಡುಗನೊಬ್ಬ ಸ್ವಲ್ಪ ಸ್ವಲ್ಪವಾಗಿ ಮನುಷ್ಯನಾಗುವುದನ್ನು ನಾವು ಆಡುತ್ತಾ ಆಡುತ್ತಾ ಕೇಳುತ್ತೇವೆ.

ಕೊನೆಯಂತೂ ಕೇಳಲೇಬೇಡಿ. ಕಾಲವನ್ನೇ ಹಿಂದಕ್ಕೆ ತಿರುಗಿಸಿದ್ದರಿಂದ ನಡೆದದ್ದೆಲ್ಲ ಅಳಿಸಿಹೋಗಿದೆ, ಫರಾಗೆ ಇವನು ಯಾರೆಂದೇ ಗೊತ್ತಿಲ್ಲ. ಇಬ್ಬರ ನೆನಪೂ ಈಗ ಇವನೊಬ್ಬನ ಬಳಿ ಮಾತ್ರ ಇದೆ. ಅವಳು ಹೆಸರು ಕೇಳಿದಾಗ ಇವನು ಹೇಳುವುದು ‘ಕಾಕೋಲೂಕೀಯಂ’ ಎಂದು, ಅವಳ ತಾಯಿ ಅವಳಿಗಷ್ಟೇ ಹೇಳಿಕೊಟ್ಟಿದ್ದ ಗುಟ್ಟಿನ ಮಾತು. (ಪಂಚತಂತ್ರ ಓದಿದವರಿಗೆ ಅಲ್ಲಿ ಸಣ್ಣ ಖುಷಿಯೂ ಸಿಗುತ್ತದೆ, ಕಾಗೆ ಗೂಬೆಗಳ ಕಥೆಯ ಭಾಗಕ್ಕೆ ಇದೇ ಹೆಸರು.)

ಇಂಥ ಆಟಕ್ಕೆ ಮುಂದಿನ ಭಾಗ ಮಾಡುವವರು ಏನು ಯೋಚಿಸಿರಬಹುದು? ಮೊದಲನೆಯದರಲ್ಲಿ ವಿಮರ್ಶಕರು ತೋರಿಸಿದ ದೊಡ್ಡ ಕೊರತೆ ಕಾಳಗ. ಅದು ನಿಜವಾದ ಕೊರತೆಯೇ. ಶತ್ರುವಿನ ತಲೆ ಮೇಲಿಂದ ಹಾರು, ಹಿಂದಿನಿಂದ ಹೊಡೆ, ಬಿದ್ದವನಿಗೆ ಕಠಾರಿ ಚುಚ್ಚಿ ಮರಳು ಎಳೆದುಕೋ. ಅರ್ಧ ಆಟದ ಹೊತ್ತಿಗೆ ಇದು ಸಾಕಾಗಿಹೋಗುತ್ತದೆ. ‘ವಾರಿಯರ್ ವಿದಿನ್’ ಅದನ್ನು ಪೂರ್ತಿ ಸರಿಪಡಿಸಿತು. ಎರಡು ಕೈಗೆ ಎರಡು ಆಯುಧ, ಶತ್ರುವಿನ ಆಯುಧವನ್ನೇ ಎತ್ತಿಕೊಂಡು ಎಸೆಯುವುದು, ಕಂಬ ಹಿಡಿದು ಸುತ್ತುತ್ತಾ ಹೊಡೆಯುವುದು. ಕೈಗೆ ಇದು ಮೊದಲನೆಯದಕ್ಕಿಂತ ಎಷ್ಟೋ ಚೆನ್ನಾಗಿ ಒಗ್ಗುತ್ತದೆ. ಸುಮ್ನೆ ಇಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಕಾಳಗ ಜಾಸ್ತಿಯಾದ ಕೂಡಲೇ ಕಾಳಗಕ್ಕೆ ತಕ್ಕ ನಾಯಕ ಬೇಕು ಎಂದು ತೀರ್ಮಾನಿಸಿದ ಹಾಗಿದೆ. ಹಡಗಿನ ಮೇಲಿನ ಆ ಮೊದಲ ಹೋರಾಟ ನೋಡಿದ್ದೀರಲ್ಲ. ಎದುರಾಳಿ ಶಾಹ್ದೀ ಬರುತ್ತಾಳೆ, ಕ್ಯಾಮೆರಾ ಅವಳ ಮುಖಕ್ಕಿಂತ ಮೊದಲು ಅವಳ ಮೈಯನ್ನು ತೋರಿಸುತ್ತದೆ, ರಾಜಕುಮಾರ ಅವಳಿಗೆ ಹೊಲಸು ಬೈಗುಳ ಬೈಯುತ್ತಾನೆ. ಫರಾಳ ಎದುರು ಮಾತು ಹುಡುಕಿ ತಡವರಿಸುತ್ತಿದ್ದ ಹುಡುಗ ಇವನೇ ಎಂದರೆ ನಂಬುವುದು ಹೇಗೆ? ದನಿ ಕೂಡ ಬೇರೆ. ಮೊದಲ ಆಟದಲ್ಲಿ ಯೂರಿ ಲೋವೆಂಥಾಲ್ ಮಾತಾಡಿದ್ದರು, ಇಲ್ಲಿ ರಾಬಿನ್ ಆಟ್ಕಿನ್ ಡೌನ್ಸ್. ಡೌನ್ಸ್ ಒಳ್ಳೆಯ ಕಲಾವಿದರೇ, ಕೊಟ್ಟ ಮಾತನ್ನು ಸರಿಯಾಗಿಯೇ ಹೇಳಿದ್ದಾರೆ. ಕೊಟ್ಟ ಮಾತಿನಲ್ಲಿ ಸಿಟ್ಟು ಬಿಟ್ಟು ಬೇರೇನೂ ಇಲ್ಲ, ಅಷ್ಟೇ. 1989ರ ಮೂಲ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ಸೃಷ್ಟಿಸಿ, 2003ರ ಆಟಕ್ಕೆ ಕಥೆ ಬರೆದ ಜೋರ್ಡಾನ್ ಮೆಕ್ನರ್ ಕೂಡ ಇದರ ಹಿಂಸೆ, ಇದರ ಶೈಲಿ ತಮಗೆ ರುಚಿಸಲಿಲ್ಲ ಎಂದು ಆಮೇಲೆ ಹೇಳಿದ್ದರು.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ಕಾರಣಕ್ಕೆ. ಈ ಭಾಗದ ಕಥೆಯ ಎಳೆ ನಿಜಕ್ಕೂ ಅದ್ಭುತವಾಗಿದೆ. ಕಾಲವನ್ನು ತಿರುಗಿಸಿದ್ದಕ್ಕೆ ಬೆಲೆ ತೆರಬೇಕಲ್ವಾ? ಮರಳನ್ನು ಬಿಡುಗಡೆ ಮಾಡಿದವನು ಸಾಯಬೇಕಿತ್ತು, ಇವನು ತಪ್ಪಿಸಿಕೊಂಡ. ಹಾಗಾಗಿ ಕಾಲದ ಕಾವಲುಗಾರ ದಹಾಕ ಏಳು ವರ್ಷಗಳಿಂದ ಇವನ ಬೆನ್ನುಹತ್ತಿದ್ದಾನೆ. ಇದು ಮೊದಲ ಆಟದ ಕೊನೆಯಿಂದ ತಾನಾಗಿ ಹುಟ್ಟುವ ಕಥೆ, ತಂದು ಅಂಟಿಸಿದ್ದಲ್ಲ. ಏಳು ವರ್ಷ ಸರಿಯಾಗಿ ನಿದ್ದೆ ಮಾಡದ, ತನ್ನನ್ನು ಮರೆತ ಹೆಣ್ಣನ್ನು ಮರೆಯಲಾಗದ, ತಾನು ಮಾಡಿದ ಒಳ್ಳೆಯ ಕೆಲಸವನ್ನು ಯಾರಿಗೂ ಹೇಳಿಕೊಳ್ಳಲಾಗದ ಮನುಷ್ಯ. ಆ ಮನುಷ್ಯನ ಕಥೆ ಕತ್ತಲೆಯಿಂದಲೇ ಕೂಡಿರಬೇಕು, ಅದರಲ್ಲಿ ನನಗೆ ತಕರಾರೇ ಇಲ್ಲ. ಅವನು ಹೆದರಿರಬೇಕಿತ್ತು, ದಣಿದಿರಬೇಕಿತ್ತು, ಒಬ್ಬನೇ ಇದ್ದಾಗ ಮೊದಲಿಗಿಂತ ಹೆಚ್ಚು ತನ್ನೊಳಗೇ ಮಾತಾಡಿಕೊಳ್ಳಬೇಕಿತ್ತು. ಅದರ ಬದಲು ಹಲ್ಲು ಕಡಿದು ಕೂಗುತ್ತಾನೆ. ಭಯ ಇರಬೇಕಾದ ಜಾಗದಲ್ಲೆಲ್ಲ ಕೋಪವನ್ನು ತುಂಬಿದ್ದಾರೆ.

ಇದು ಎಷ್ಟು ಸುಲಭವಾಗಿ ಬೇರೆ ಥರ ಇರಬಹುದಿತ್ತು ಎನ್ನುವುದಕ್ಕೆ ಸಾಕ್ಷಿ ಆಟದೊಳಗೇ ಇದೆ. ದಹಾಕ ಅಟ್ಟಿಸಿಕೊಂಡು ಬರುವ ಭಾಗಗಳನ್ನೇ ನೋಡಿ. ಪರದೆಯ ಬಣ್ಣ ಬತ್ತಿಹೋಗುತ್ತದೆ, ಹಿಂದಿನಿಂದ ಕಪ್ಪು ಕೈಗಳು ಚಾಚಿ ಬರುತ್ತವೆ, ನಿಂತು ಯೋಚಿಸಲು ಸಮಯವಿಲ್ಲ. ನೀರಿನ ಪರದೆ ದಾಟಿ ಆಚೆ ಬಿದ್ದರೆ ಮಾತ್ರ ಉಳಿದ ಹಾಗೆ, ಯಾಕೆಂದರೆ ನೀರನ್ನು ಅವನು ದಾಟಲಾರ. ಅಲ್ಲಿ ಕತ್ತಿಗೆ ಕೆಲಸವಿಲ್ಲ, ಬೈಗುಳಕ್ಕೂ ಇಲ್ಲ. ಓಡುವುದೊಂದೇ. ಆಗ ರಾಜಕುಮಾರ ಮತ್ತೆ ಮನುಷ್ಯನಂತೆ ಕಾಣುತ್ತಾನೆ.

ಈ ಆಟ ನಡೆಯುವ ದ್ವೀಪದ ಕೋಟೆಯೂ ಹಾಗೆಯೇ. ಒಂದೇ ಕೋಣೆಯನ್ನು ಎರಡು ಕಾಲದಲ್ಲಿ ನೋಡುತ್ತೀರಿ. ಈಗಿನ ಕಾಲದಲ್ಲಿ ಕುಸಿದು ಬಳ್ಳಿ ಹಬ್ಬಿದ ಗೋಡೆ, ಹಿಂದಿನ ಕಾಲದಲ್ಲಿ ಅದೇ ಗೋಡೆ ಹೊಸದಾಗಿ ನಿಂತಿದೆ, ಯಂತ್ರಗಳು ತಿರುಗುತ್ತಿವೆ. ಇಲ್ಲಿ ದಾರಿ ಮುಚ್ಚಿದ್ದರೆ ಅಲ್ಲಿ ತೆರೆದಿರುತ್ತದೆ. ಹೋದಲ್ಲಿಗೇ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ಅದು ಕೆಲವೊಮ್ಮೆ ಬೇಸರ ತರಿಸುತ್ತದೆ. ಆದರೆ ಮೊದಲ ಆಟದಲ್ಲಿ ಕಾಲ ಎಂದರೆ ಕೆಲವು ಸೆಕೆಂಡುಗಳ ತಮಾಷೆಯಾಗಿತ್ತು, ಇಲ್ಲಿ ಅದೊಂದು ಜಾಗವೇ ಆಗಿದೆ. ಆ ವಿಷಯದಲ್ಲಿ ಎರಡನೆಯದೇ ಮೇಲು ಎಂದು ಒಪ್ಪಿಕೊಳ್ಳಲೇಬೇಕು.

ಹಾಗಾಗಿ ಬಿಡಬೇಡಿ. ಆಡುವಾಗ ಕಪ್ಪು ಆಕೃತಿಯೊಂದು ದೂರದಿಂದ ನಿಮ್ಮನ್ನೇ ನೋಡುವುದು ಅಲ್ಲಲ್ಲಿ ಕಾಣುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಒಂದು ಮುಖವಾಡ ಸಿಗುತ್ತದೆ, ಕಥೆಯ ನಿಜವಾದ ಕಟ್ಟೋಣ ಗೊತ್ತಾಗುವುದು ಆಗಲೇ. ಇಷ್ಟು ಚೆನ್ನಾಗಿ ಕಥೆ ಹೆಣೆಯಬಲ್ಲವರು ನಾಯಕನ ಬಾಯಿಗೆ ಎರಡು ಒಳ್ಳೆಯ ಮಾತು ಕೊಡಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಂಕಟ.

ಇನ್ನು ಕೆಲಸಕ್ಕೆ ಬರುವ ಮಾತು. ಕಾಳಗ ಹಿಡಿಸದಿದ್ದರೆ ‘ಈಸಿ’ಯಲ್ಲಿ ಆಡಿ, ಏನೂ ಕಳೆದುಕೊಳ್ಳುವುದಿಲ್ಲ. ಸೇವ್ ಮಾಡುವ ಕಾರಂಜಿ ಕಂಡಾಗಲೆಲ್ಲ ಒಂದೇ ಸ್ಲಾಟ್ ಬಳಸದೆ ಬದಲಾಯಿಸುತ್ತಾ ಇರಿ, ಈ ಆಟದಲ್ಲಿ ದಾರಿಯೇ ಮುಚ್ಚಿಹೋಗುವಂಥ ದೋಷಗಳಿವೆ. ಪ್ರಾಣಶಕ್ತಿ ಹೆಚ್ಚಿಸುವ ಒಂಬತ್ತು ಗುಪ್ತ ಜಾಗಗಳಿವೆ, ಒಂದನ್ನೂ ಬಿಡಬೇಡಿ. ಒಂಬತ್ತೂ ಸಿಕ್ಕರೆ ಮಾತ್ರ ನೀರಿನ ಕತ್ತಿ ಸಿಗುತ್ತದೆ, ಆಗ ಆಟದ ಕೊನೆಯೇ ಬೇರೆ. 2005ರ ಮೂರನೇ ಭಾಗ ‘ದಿ ಟೂ ಥ್ರೋನ್ಸ್’ ಮುಂದುವರಿಯುವುದು ಆ ಕೊನೆಯಿಂದ. ಅದರಲ್ಲಿ ಫರಾ ಇದ್ದಾಳೆ, ಲೋವೆಂಥಾಲ್ ಅವರ ದನಿಯೂ ಇದೆ. ಮುಖವಾಡದವರೆಗೆ ಹೋದ ಮೇಲೆ ಏನನ್ನಿಸಿತು ಎಂದು ಇಲ್ಲಿ ಬಂದು ಖಂಡಿತ ಬರೆಯಿರಿ.