ಪರದೆ ಸರಿಸುವ ಕೈ

ಧಾರವಾಡದ ಓದುಗರೊಬ್ಬರ ಪತ್ರ: "ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್' ಎಂಬ ನಾಟಕೀಯ ಸ್ವಗತವನ್ನು, ಅಂದರೆ ಡ್ಯೂಕ್‌ನ ಪಾತ್ರವೊಂದೇ ಮಾತಾಡುವ ಕವಿತೆಯನ್ನು, ಮತ್ತೆ ಓದಿದೆ. ಡ್ಯೂಕ್ ಕ್ರೂರಿಯಾದರೂ ಕಲಾರಸಿಕ. ಸತ್ತ ಹೆಂಡತಿಯ ಚಿತ್ರವನ್ನು ಜೋಪಾನ ಮಾಡಿದ್ದಾನೆ. ಆದರೆ ಎರಡನೆಯ ಮದುವೆಯ ಮಾತುಕತೆಗೆ ಹೆಣ್ಣಿನ ತಂದೆಯ ಕಡೆಯಿಂದ ಬಂದವನ ಎದುರು, ಹೆಂಡತಿಯನ್ನು ಕೊಲ್ಲಿಸಿದ ಗುಟ್ಟನ್ನು ಬಾಯಿತಪ್ಪಿ ಆಡುವಷ್ಟು ದಡ್ಡನೇ?"

ಅದನ್ನು ಗುಟ್ಟೆಂದು ಡ್ಯೂಕ್ ಭಾವಿಸಿರುವ ಕುರುಹು 56 ಸಾಲುಗಳಲ್ಲಿ ನನಗೆಲ್ಲೂ ಕಾಣಲಿಲ್ಲ. ಬಂದವನನ್ನು ಕೂರಿಸಿ, ಪರದೆ ಸರಿಸಿ, ಹೆಂಡತಿಯ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ. ತಪ್ಪಾದರೂ ಏನು? ಮುಳುಗುವ ಹೊತ್ತಿನ ಬೆಳಕು, ಯಾವನೋ ತೋಟದಲ್ಲಿ ಮುರಿದು ತಂದ ಚೆರ್ರಿ ರೆಂಬೆ, ಸವಾರಿಯ ಬಿಳಿ ಹೇಸರಗತ್ತೆ, ಎಲ್ಲಕ್ಕೂ ಅವಳು ಹಿಗ್ಗುತ್ತಿದ್ದಳು. 900 ವರ್ಷಗಳ ಮನೆತನದ ಹೆಸರು ಕೊಟ್ಟ ಗಂಡನಿಗೂ ಅಷ್ಟೇ ನಗು. ತಿದ್ದಿ ಹೇಳಬಹುದಿತ್ತು; ಹೇಳಿದರೆ ತಾನು ಬಗ್ಗಿದಂತೆ. ಅಪ್ಪಣೆ ಕೊಟ್ಟ, ನಗುಗಳೆಲ್ಲ ಒಟ್ಟಿಗೇ ನಿಂತವು. ಇದು ಹೆಣ್ಣಿನ ಮನೆಗೆ ಮುಟ್ಟಲಿ ಎಂದೇ ಹೇಳಿದ್ದು ಎಂಬುದು ನನ್ನ ಓದು. ಬರುವವಳಿಗೆ ಷರತ್ತು ಮೊದಲು, ವರದಕ್ಷಿಣೆಯ ಮಾತು ಆಮೇಲೆ. ಅದೂ ಎಷ್ಟು ನಯ! ನಿಮ್ಮ ದೊರೆ ಉದಾರಿ, ನ್ಯಾಯವಾಗಿ ಕೇಳಿದ್ದಕ್ಕೆ ಇಲ್ಲವೆನ್ನಲಾರರು. ಆದರೂ ನನ್ನ 'ಆಬ್ಜೆಕ್ಟ್' ಅವರ ಮಗಳೇ, ಎನ್ನುತ್ತಾನೆ. ಆ ಪದಕ್ಕೆ ಗುರಿ, ವಸ್ತು ಎರಡೂ ಅರ್ಥ. ಅನುವಾದಕ್ಕೆ ಕೂತವರ ಪಾಡು ಅವರಿಗೇ ಗೊತ್ತು.

ಇನ್ನು ರಸಿಕತೆ. ಚಿತ್ರವನ್ನು 'ಅದ್ಭುತ' ಎನ್ನುವುದು ನಿಜ. ಆದರೆ ಚಿತ್ರದ ಕೆನ್ನೆಯ ಕೆಂಪನ್ನು ಕಂಡ ಕೂಡಲೇ, ಅದಕ್ಕೆ ಕಾರಣ ತಾನೊಬ್ಬನೇ ಆಗಿರಲಿಲ್ಲವಲ್ಲ ಎಂಬ ಹಳೆಯ ಉರಿ ಏಳುತ್ತದೆ. ಬದುಕಿದ್ದಾಗ ಎಲ್ಲರಿಗೂ ಸಿಗುತ್ತಿದ್ದ ಆ ನೋಟ ಈಗ ಪರದೆಯ ಹಿಂದಿದೆ. ಪರದೆ ಸರಿಸುವ ಹಕ್ಕು ತನ್ನೊಬ್ಬನದೇ ಎಂದು ಆತ ಮೊದಲೇ ತಿಳಿಸಿಬಿಟ್ಟಿದ್ದಾನೆ.

ಕವಿತೆ ಅಚ್ಚಾದದ್ದು 1842ರಲ್ಲಿ. ಈ ಪಾತ್ರದ ಹಿಂದೆ ಇಟಲಿಯ ಫೆರಾರಾದ ಡ್ಯೂಕ್ ಎರಡನೆಯ ಅಲ್ಫಾನ್ಸೊ ಇದ್ದಾನೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ಹೆಂಡತಿ ಲುಕ್ರೇಸಿಯಾ ಡಿ ಮೆಡಿಚಿ 1561ರಲ್ಲಿ, 16ರ ವಯಸ್ಸಿನಲ್ಲಿ ತೀರಿಕೊಂಡಳು. ವಿಷವಿಕ್ಕಿದರೆಂಬ ಗಾಳಿಮಾತು ಹಬ್ಬಿತ್ತು. ಕ್ಷಯರೋಗವೇ ಕಾರಣ ಎಂಬುದು ಇತಿಹಾಸಕಾರರ ಒಲವು. ಕವಿತೆಯಲ್ಲಿ ಆ ಚಿತ್ರ ಬರೆದ ಫ್ರಾ ಪಂಡಾಲ್ಫ್ ಆದರೋ ಕವಿಯ ಕಲ್ಪನೆ.

ಹೊರಡುವಾಗ ಡ್ಯೂಕ್ ಇನ್ನೊಂದು ಕಲಾಕೃತಿ ತೋರಿಸುತ್ತಾನೆ, ನೀವು ಗಮನಿಸಿರಬಹುದು: ಕಡಲಕುದುರೆಯನ್ನು ಪಳಗಿಸುತ್ತಿರುವ ಸಮುದ್ರದೇವ ನೆಪ್ಚೂನ್. ಇನ್ಸ್‌ಬ್ರುಕ್‌ನ ಶಿಲ್ಪಿ ಕ್ಲಾಸ್ ಕಂಚಿನಲ್ಲಿ ಎರಕ ಹೊಯ್ದದ್ದಂತೆ, 'ನನಗಾಗಿ'. ಇಂಗ್ಲಿಷಿನಲ್ಲಿ ಕವಿತೆ ನಿಲ್ಲುವುದೂ ಆ ಮಾತಿನ ಮೇಲೆಯೇ.

– ಸಂ.