ದುಃಖದಲ್ಲಿರುವವರಿಗೆ ಬೈಬಲ್‌ನ ‘ಪ್ರಲಾಪಗಳು’ ಪುಸ್ತಕ ಭರವಸೆ ಕೊಡುವುದು ಹೇಗೆ?

ಅದು ದುಃಖವನ್ನು ಮುಚ್ಚಿಡದೆ ಪೂರ್ತಿ ಹೇಳಿಕೊಳ್ಳಲು ಬಿಡುತ್ತದೆ; ಭರವಸೆಯ ಮಾತೆತ್ತುವುದು ಆಮೇಲೆಯೇ. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನ ಸೇನೆ ಜೆರುಸಲೇಮನ್ನು ಕೆಡವಿದ್ದಕ್ಕೆ ಮರುಗುವ ಐದು ಶೋಕಗೀತೆಗಳಿವು. ಮೂರನೆಯ ಅಧ್ಯಾಯದ ಮೊದಲ 20 ವಚನಗಳಲ್ಲಿ ನೋವೇ ನೋವು. 21ನೆಯದರಲ್ಲಿ ಕವಿ ಒಂದು ಮಾತನ್ನು ನೆನಪಿಗೆ ತಂದುಕೊಳ್ಳುತ್ತಾನೆ: ದೇವರ ಕರುಣೆ ಮುಗಿಯುವುದಿಲ್ಲ, ದಿನದಿನವೂ ಬೆಳಗ್ಗೆ ಹೊಸದಾಗುತ್ತದೆ. ಊರು ಇನ್ನೂ ಹಾಳುಬಿದ್ದೇ ಇದೆ. ಬದಲಾದದ್ದು ಅವನ ನೆನಪು ಹರಿಯುವ ದಿಕ್ಕು. ಕನ್ನಡ ಬೈಬಲ್ ಇಂಥ ಭರವಸೆಯನ್ನು ‘ನಿರೀಕ್ಷೆ’ ಎನ್ನುತ್ತದೆ; ಕಾಯುವುದು ಎಂಬ ಅರ್ಥ ಪದದಲ್ಲೇ ಇದೆ, ನನಗೆ ಅದು ತುಂಬ ಸರಿಯೆನಿಸುತ್ತದೆ. ಓದುವುದಾದರೆ ನೇರವಾಗಿ ಸಾಂತ್ವನದ ಸಾಲುಗಳಿಗೆ ಹೋಗಬೇಡಿ. ಅಧ್ಯಾಯದ ಮೊದಲಿನಿಂದ, ಸಾಧ್ಯವಾದರೆ ಗಟ್ಟಿಯಾಗಿ ಓದಿ.