ಬೂತಾಯಿ ದಡಕ್ಕೆ ಬಂದ ಆ ಮೂರು ವಾರ

ಸಮುದ್ರದಲ್ಲಿ ಗಾಳ ಹಾಕುವವರು ಯಾವಾಗಲೂ ಹಳೆಯ ಸೀಸನ್ ನೆನಪು ಮಾಡಿಕೊಳ್ಳುತ್ತಾರಲ್ಲ, ನಿಮಗೆ ಮರೆಯಲಾಗದ ಸೀಸನ್ ಯಾವುದು, ಸಿಕ್ಕ ದೊಡ್ಡ ಮೀನು ಯಾವುದು ಅಂತ ಕೇಳಿದ್ದೀರಿ. ನನಗೆ ಎರಡೂ ಒಂದೇ ವರ್ಷದ್ದು. ಸರಿಯಾಗಿ ಹೇಳಬೇಕೆಂದರೆ ಮೂರು ವಾರದ್ದು. ಆದರೆ ದೊಡ್ಡ ಮೀನಿಗಿಂತ ಮೊದಲು ಬೂತಾಯಿ, ಅಂದರೆ ಹಿಂಡಾಗಿ ಬರುವ ಸಣ್ಣ ಸಾರ್ಡೀನ್ ಮೀನಿನ ಬಗ್ಗೆ ಹೇಳಬೇಕು, ಅದು ಬರದೇ ಇದ್ದಿದ್ದರೆ ಉಳಿದದ್ದು ಯಾವುದೂ ಇಲ್ಲ.

ಆ ವರ್ಷ ಗಾಳಿಯ ಅಬ್ಬರ ಇಳಿದ ಮೇಲೆ ಬೂತಾಯಿ ಹಿಂಡು ಬಂಡೆಗಳ ಬುಡಕ್ಕೇ ಬಂದುಬಿಟ್ಟಿತ್ತು. ಬೆಳಗಿನ ಜಾವ ಹೋಗಿ ನಿಂತರೆ ನೀರಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಕಾಣುತ್ತಿತ್ತು, ತಲೆ ಎತ್ತಿ ನೋಡಿದರೆ ಒಂದು ಮೋಡವೂ ಇಲ್ಲ. ಹಕ್ಕಿಗಳು ಒಂದೇ ಜಾಗಕ್ಕೆ ಮುಗಿಬೀಳುತ್ತಿದ್ದವು. ಇದ್ದಕ್ಕಿದ್ದ ಹಾಗೆ ಇಡೀ ಹಿಂಡು ಒಟ್ಟಿಗೆ ನೀರಿನಿಂದ ಮೇಲೆ ಹಾರಿ ಬೀಳುವುದು, ಆ ಸದ್ದು ಇದೆಯಲ್ಲ, ಅದನ್ನು ಒಮ್ಮೆ ಕೇಳಿದವರಿಗೆ ಗೊತ್ತು. ಕೆಳಗಡೆ ಏನೋ ದೊಡ್ಡದು ಬಂದಿದೆ ಅಂತ ಅರ್ಥ.

ಮೊದಲ ನಾಲ್ಕು ದಿನ ನನಗೆ ಏನೂ ಸಿಗಲಿಲ್ಲ. ಹಿಂಡಿನ ನಡುವೆಯೇ ಎಸೆಯುತ್ತಿದ್ದೆ. ಪಕ್ಕದ ಬಂಡೆಯ ಮೇಲಿದ್ದ ಹಿರಿಯರೊಬ್ಬರು, "ಅಲ್ಲಿ ಸಾವಿರ ಮೀನು ಇರುವಾಗ ನಿನ್ನ ಗಾಳ ದೊಡ್ಡ ಮೀನಿಗೆ ಯಾಕೆ ಬೇಕು? ನೀರಿನ ಸೆಳೆತದ ಅಂಚಿಗೆ ಹಾಕು" ಅಂದರು. ಅಮಾವಾಸ್ಯೆ ಹತ್ತಿರ ಇತ್ತು. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಉಬ್ಬರ ಇಳಿತ ಎರಡೂ ಜೋರು. ಆ ಓಟಕ್ಕೆ ಸಿಕ್ಕ ಸಣ್ಣ ಮೀನು ಬಂಡೆಯ ತುದಿ ದಾಟಿ ಹೋಗುತ್ತದೆ, ದೊಡ್ಡ ಮೀನು ಬಂಡೆಯ ಮರೆಯ ನಿಧಾನ ನೀರಿನಲ್ಲಿ ಸುಮ್ನೆ ಕಾಯುತ್ತಿರುತ್ತದೆ. ಅವರು ತೋರಿಸಿದ ಮೇಲೆ, ಓಡುವ ನೀರು ನಿಧಾನ ನೀರಿಗೆ ತಾಗುವ ಆ ಗೆರೆ ನನಗೂ ಕಾಣಿಸಿತು.

ಐದನೇ ದಿನ, ಇಳಿತ ಶುರುವಾಗಿ ಅರ್ಧ ಗಂಟೆ ಆಗಿರಬೇಕು, ಪಾಪರ್, ಅಂದರೆ ನೀರಿನ ಮೇಲೆ ಸದ್ದು ಮಾಡುವ ಹುಸಿ ಮೀನು, ಎಸೆದು ಎರಡು ಸಲ ಎಳೆದೆ ಅಷ್ಟೆ, ನೀರು ಒಡೆದು ಬಕೆಟ್ ಗಾತ್ರದ ಗುಂಡಿ ಬಿದ್ದ ಹಾಗಾಯಿತು. ಜೈಂಟ್ ಟ್ರೆವಲ್ಲಿ, ಸಣ್ಣ ಮೀನನ್ನು ಬೇಟೆಯಾಡುವ ದೊಡ್ಡ ಮೀನು. ಈ ಜಾತಿಯ ದೊಡ್ಡ ಮೀನು ಗಾಳ ಕಚ್ಚಿದ ಕೂಡಲೇ ಬಂಡೆಯ ಕಡೆ ಓಡುತ್ತದೆ, ದಾರ ಬಂಡೆಗೆ ಉಜ್ಜಿದರೆ ಮುಗಿಯಿತು. ನನ್ನದು 60 ಪೌಂಡ್ ಎಳೆತ ತಡೆಯುವ ಬ್ರೇಡ್ ಎನ್ನುವ ಹೆಣೆದ ದಾರ, ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿತ, ಅದರ ಮೂರನೇ ಒಂದು ಪಾಲಿಗೆ, ಅಂದರೆ 20 ಪೌಂಡಿಗೆ, ಹಿಂದಿನ ರಾತ್ರಿಯೇ ಕೈತಕ್ಕಡಿ ಕಟ್ಟಿ ಎಳೆದು ನೋಡಿ ಇಟ್ಟಿದ್ದೆ. ಆ ಒಂದು ಕೆಲಸವೇ ಅವತ್ತು ಕೈ ಹಿಡಿಯಿತು. ಕಾಲು ಗಂಟೆ ಆದ ಮೇಲೆ ಮೀನು ಪಕ್ಕಕ್ಕೆ ವಾಲಿತು, ಆ ಹಿರಿಯರೇ ಕೆಳಗಿಳಿದು ಬಾಲ ಹಿಡಿದುಕೊಟ್ಟರು.

ಉದ್ದ 40 ಇಂಚು, ಸುತ್ತಳತೆ 28 ಇಂಚು. ತಕ್ಕಡಿಗೆ ನೇತುಹಾಕದೆ ತೂಕ ಅಂದಾಜು ಮಾಡಲು ಒಂದು ಹಳೆಯ ಲೆಕ್ಕ ಇದೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. 39 ಪೌಂಡ್ ಬಂತು, ಹತ್ತಿರ ಹತ್ತಿರ 18 ಕಿಲೋ. 2006ರಲ್ಲಿ ಜಪಾನಿನಲ್ಲಿ ಸಿಕ್ಕ ಈ ಜಾತಿಯ ವಿಶ್ವದಾಖಲೆ ಮೀನು 72.8 ಕಿಲೋ. ನನ್ನದು ಅದರ ಕಾಲು ಭಾಗ ಅಷ್ಟೆ, ಆದರೂ ಕೈ ಒಂದು ಗಂಟೆ ನಡುಗುತ್ತಲೇ ಇತ್ತು. ಹೊಟ್ಟೆಯ ಕೆಳಗೆ ಕೈ ಕೊಟ್ಟು ನೀರಿಗೆ ಬಿಟ್ಟೆವು. ದೊಡ್ಡ ಮೀನನ್ನು ಬಾಯಿ ಹಿಡಿದು ಉದ್ದಕ್ಕೆ ನೇತಾಡಿಸಿ ಫೋಟೋ ತೆಗೆದು ಆಮೇಲೆ ಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಅದರ ಭಾರಕ್ಕೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳಬಹುದು.

ಅದೇ ಮೂರು ವಾರದಲ್ಲಿ ಕಳೆದುಕೊಂಡದ್ದೂ ಇದೆ. ಅಂಜಲ್, ಕೆಲವರು ಸುರ್ಮಾಯಿ ಅನ್ನುವ ಮೀನು. ಅದರ ಹಲ್ಲು ಬ್ಲೇಡಿನ ಹಾಗೆ, ತುದಿಗೆ ತಂತಿ ಕಟ್ಟಲೇಬೇಕು ಅಂತ ಗೊತ್ತಿದ್ದೂ, ಅವತ್ತು ಅವಸರಕ್ಕೆ ಬರೀ ನೈಲಾನಿನ ತಂಗೂಸಿ ಕಟ್ಟಿದ್ದೆ. ಮೀನು ಒಮ್ಮೆ ಪೂರ್ತಿಯಾಗಿ ಗಾಳಿಗೆ ಹಾರಿತು, ಬಿಸಿಲಿಗೆ ಬೆಳ್ಳಗೆ ಹೊಳೆಯಿತು, ದಾರ ಸಡಿಲವಾಯಿತು. ಎಷ್ಟು ಕಿಲೋ ಇತ್ತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ಟ್ರೆವಲ್ಲಿಗಿಂತ ಮೊದಲು ಅದೇ ಕಾಣುತ್ತದೆ.

ದೊಡ್ಡ ದಾಖಲೆಗಳ ಹಿಂದೆಯೂ ಬೂತಾಯಿಯಂಥ ಸಣ್ಣ ಮೀನೇ ಇರುತ್ತದೆ ಅಲ್ವಾ? 1953ರಲ್ಲಿ ಅಮೆರಿಕದ ಆಲ್ಫ್ರೆಡ್ ಗ್ಲಾಸೆಲ್ ಪೆರುವಿನ ಕಾಬೋ ಬ್ಲಾಂಕೋ ಹತ್ತಿರ 1,560 ಪೌಂಡಿನ, ಅಂದರೆ 707 ಕಿಲೋ ಮೀರಿದ ಕಪ್ಪು ಮಾರ್ಲಿನ್ ಎನ್ನುವ ಈಟಿಮೂತಿಯ ಮೀನು ಹಿಡಿದರು. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಅಂಥ ಮೀನು ಅಲ್ಲಿಗೆ ಬಂದದ್ದು ಯಾಕೆ ಅಂದರೆ, ಹಂಬೋಲ್ಟ್ ಎನ್ನುವ ತಣ್ಣನೆಯ ಪ್ರವಾಹ ಆ ಕಡೆಯೇ ಬೆಚ್ಚಗಿನ ನೀರನ್ನು ಸೇರುತ್ತದೆ, ಅಲ್ಲಿ ಸಣ್ಣ ಮೀನಿಗೆ ಬರವಿರಲಿಲ್ಲ. ಜನ ಮಾರ್ಲಿನ್ ತೂಕ ನೆನಪಿಟ್ಟುಕೊಂಡರು. ನನಗೆ ಮಾತ್ರ ಆ ವರ್ಷ ಅಲ್ಲಿ ಸಣ್ಣ ಮೀನು ಹೇಗೆ ಕುದಿಯುತ್ತಿತ್ತೋ ನೋಡಬೇಕಿತ್ತು ಅನ್ನಿಸುತ್ತದೆ.

ನೀವೂ ಗಾಳ ಹಾಕುವವರಾದರೆ ಒಂದು ನೋಟ್‌ಬುಕ್ ಇಡಿ. ತಿಥಿ, ಉಬ್ಬರ ಇಳಿತದ ಹೊತ್ತು, ಗಾಳಿಯ ದಿಕ್ಕು, ಹಕ್ಕಿ ಎಲ್ಲಿತ್ತು, ಇಷ್ಟು ಬರೆದರೆ ಸಾಕು. ಇಷ್ಟೆಲ್ಲ ನಾನು ಬರೆಯಲು ಆಗಿದ್ದೂ ಅದರಿಂದಲೇ. ಇಪ್ಪತ್ತೆರಡನೇ ದಿನದ ಪುಟದಲ್ಲಿ ಮೂರೇ ಸಾಲು ಇದೆ. ನೀರು ತಿಳಿ. ಹಕ್ಕಿ ಇಲ್ಲ. ಮಧ್ಯಾಹ್ನದವರೆಗೆ ಕೂತಿದ್ದೆ.